ಸಾಂಬ್ರಾದಿಂದ ದೇವನಹಳ್ಳಿ: 33 ನಿಮಿಷದ ಲೆಕ್ಕ ಎಲ್ಲಿ ತಪ್ಪಿತು?

ಮಹಾಲಿಂಗಪುರದಿಂದ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟಾಗ ನಾವು ಗೆಳೆಯರು ಒಂದು ಲೆಕ್ಕ ಹಾಕಿದ್ವಿ. ಬೆಳಗಾವಿಯ ಸಾಂಬ್ರಾದಿಂದ ದೇವನಹಳ್ಳಿಗೆ, ಭೂಮಿಯ ದುಂಡು ಹಿಡಿದು ಅಳೆದರೆ, ಸುಮಾರು 445 ಕಿ.ಮೀ. ಜೆಟ್ ವಿಮಾನಕ್ಕೆ ಗಂಟೆಗೆ 800 ಅಂದ್ರೆ 33 ನಿಮಿಷ. ಟಿಕೆಟಿನಲ್ಲಿ ನೋಡಿದ್ರೆ ಒಂದು ಗಂಟೆಗೂ ಹೆಚ್ಚು!

ಆ 800 ಎಂಬುದು ಮೇಲೇರಿದ ನಂತರದ ವೇಗ. ಇಷ್ಟು ಹತ್ತಿರದ ಹಾರಾಟದಲ್ಲಿ ಬಹುಪಾಲು ವೇಳೆ ಏರೋದು, ಇಳಿಯೋದ್ರಲ್ಲೇ ಹೋಗುತ್ತದೆ. ಮೇಲಾಗಿ ಟಿಕೆಟಿನ ಸಮಯ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ ಮತ್ತೆ ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ಸಾಗುವುದು, ಸರದಿ ಕಾಯುವುದು ಎಲ್ಲ ಅದರೊಳಗೇ. ಎಟಿಆರ್ ಆದರೆ ವೇಗ 500ರ ಆಸುಪಾಸು, ಆದ್ರೂ ಫರಕು ಹತ್ತಿಪ್ಪತ್ತು ನಿಮಿಷವಷ್ಟೇ.

ನಿಜವಾಗಿ ಹೊತ್ತು ತಿನ್ನೋದು ರಸ್ತೆ. ನಮ್ಮೂರಿಂದ ಸಾಂಬ್ರಾಕ್ಕೆ ನೂರು ಕಿ.ಮೀ. ಆಸುಪಾಸು, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಮತ್ತೆ ಸುಮಾರು 35. ಅವತ್ತು ವಿಮಾನ ಇಳಿದದ್ದು ಸರಿಯಾದ ಸಮಯಕ್ಕೇ. 11ರ ಇಂಟರ್‌ವ್ಯೂಗೆ ನಾವು ಮುಟ್ಟಿದ್ದು 12ಕ್ಕೆ. ಈಗ ಹಿಂದಿನ ರಾತ್ರಿಯ ಬಸ್ಸನ್ನೇ ಹತ್ತುತ್ತೇವೆ.