ಆರು ಗಂಟೆಯೊಳಗೆ ನೆನಪಾಗಬೇಕಾದ ನಂಬರು

ನೇತ್ರದಾನದ ಪ್ರಚಾರಕ್ಕೆ ಇಳಿದವರಿಗೆ ಒಂದು ವಿಶೇಷ ಕಷ್ಟವಿದೆ. ನಮ್ಮ ಮಾತು ಜನರ ಕಿವಿಗೆ ಬಿದ್ದರೆ ಸಾಲದು. ಮನೆಯಲ್ಲಿ ಸಾವಾದ ಆರು ಗಂಟೆಯೊಳಗೆ, ಅಳುವಿನ ನಡುವೆ, ಯಾರಾದರೂ ಒಬ್ಬರಿಗೆ ಅದು ನೆನಪಾಗಬೇಕು. ಹೊತ್ತು ಮೀರಿದರೆ ಕಾರ್ನಿಯಾ ಕೆಲಸಕ್ಕೆ ಬರುವುದಿಲ್ಲ. ದಾವಣಗೆರೆ ಸೀಮೆಯ ತಾಲ್ಲೂಕು ಊರೊಂದರಲ್ಲಿ ನಾವು ಕೆಲವರು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇವೆ. ನನ್ನಂಥ ನಿವೃತ್ತ ಮೇಷ್ಟ್ರುಗಳು, ಮೆಡಿಕಲ್ ಸ್ಟೋರಿನವರು, ಒಬ್ಬ ವಿಮಾ ಏಜೆಂಟರು. ಕಚೇರಿಯಿಲ್ಲ, ಸಂಬಳದ ಸಿಬ್ಬಂದಿಯಿಲ್ಲ. ಕರೆ ಬಂದರೆ ನೇತ್ರ ಬ್ಯಾಂಕಿಗೆ ತಿಳಿಸಿ, ಅವರ ತಂಡ ಬರುವತನಕ ಆ ಮನೆಯವರ ಜೊತೆ ನಿಲ್ಲುವುದು ನಮ್ಮ ಪಾಲಿನ ಕೆಲಸ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್, ಜನರ ಪ್ರೀತಿಯ ಅಪ್ಪು, ತೀರಿಕೊಂಡರು. ಅವರ ಎರಡು ಕಣ್ಣುಗಳಿಂದ, ಕಾರ್ನಿಯಾದ ಪದರಗಳನ್ನು ಬೇರ್ಪಡಿಸಿ, ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ಕೊಟ್ಟರು. 2006ರಲ್ಲಿ ಅವರ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ ದಾನವಾಗಿದ್ದವು. ಅಪ್ಪು ಹೋದ ಆ ವಾರಗಳಲ್ಲಿ ನಮ್ಮ ಊರಿನ ಹುಡುಗರು ಪ್ರತಿಜ್ಞಾ ಪತ್ರ ಕೇಳಿಕೊಂಡು ತಾವಾಗಿಯೇ ಬಂದರು. ಲಕ್ಷಾಂತರ ರೂಪಾಯಿ ಸುರಿದರೂ ನಮ್ಮಿಂದ ಆಗದಿದ್ದ ಪ್ರಚಾರ ಅದು.

ಆದರೆ ಸಹಿ ಹಾಕಿದವರು ತೀರಿಹೋದ ದಿನ ತೀರ್ಮಾನ ಉಳಿದವರದು. ಸಹಿ ಇದ್ದರೂ ಮನೆಯವರು ಬೇಡವೆಂದರೆ ನೇತ್ರ ಬ್ಯಾಂಕಿನವರು ಮುಂದುವರಿಯುವುದಿಲ್ಲ. ಸಹಿ ಇಲ್ಲದಿದ್ದರೂ ಹತ್ತಿರದ ಬಂಧುಗಳು ಒಪ್ಪಿದರೆ ಸಾಕು. ಹಾಗಾಗಿ ಹುಡುಗರಿಗೆ ನಾವು ಹೇಳತೊಡಗಿದ್ದು ಇಷ್ಟೇ: ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಮ್ಮನ ಎದುರು ಈ ಮಾತು ಎತ್ತಿ. ಮನೆಯಲ್ಲಿ ಒಮ್ಮೆ ಮಾತಾದರೆ ಅದು ಉಳಿಯುತ್ತದೆ.

ಕೈಯಲ್ಲಿ ದುಡ್ಡಿಲ್ಲದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ಆರು ಗಂಟೆಗಳಲ್ಲಿ ಸಾವಿನ ಮನೆಗೆ ಯಾರು ಯಾರು ಬರುತ್ತಾರೆ ಎಂಬುದು. ಆಂಬುಲೆನ್ಸ್ ಚಾಲಕ ಬರುತ್ತಾನೆ. ಶಾಮಿಯಾನದವರು, ಹೂವಿನವರು ಬರುತ್ತಾರೆ. ಇವರೆಲ್ಲರಿಗಿಂತ ಮೊದಲು ಸುದ್ದಿ ಮುಟ್ಟುವುದು ಎಷ್ಟೋ ಸಲ ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸ್ ಮಾಡುವ ಅಂಗಡಿಗೆ. ಫೋಟೊ, ಹೆಸರು, ಹುಟ್ಟಿದ ದಿನ ಹಿಡಿದು ಮನೆಯ ಯಾವನೋ ಅಳಿಯ ಅಲ್ಲಿ ನಿಂತಿರುತ್ತಾನೆ. ಆ ಅಂಗಡಿಯ ಹುಡುಗರ ಜೊತೆ ಕೂತು ಮಾತಾಡಿದೆವು. ‘ಕಣ್ಣು ದಾನ ಮಾಡಿದ್ರಾ ಅಣ್ಣ? ಇನ್ನೂ ಟೈಮಿದೆ’ ಎಂದು ಒಂದು ಮಾತು ಕೇಳಿ, ನಮ್ಮ ನಂಬರು ಕೊಡಿ ಎಂದೆವು. ಅವರು ಕೇಳಿದರು, ಕೇಳುತ್ತಲೇ ಇದ್ದಾರೆ. ಪೈಸೆ ಖರ್ಚಿಲ್ಲದ ಈ ಏರ್ಪಾಟಿನಿಂದ ಬಂದಷ್ಟು ಕರೆ ನಮ್ಮ ಯಾವ ಕರಪತ್ರದಿಂದಲೂ ಬಂದಿಲ್ಲ. ಆ ಹುಡುಗರನ್ನು ನಾನು ನಮ್ಮ ಸಂಘದ ಸದಸ್ಯರೆಂದೇ ಎಣಿಸುತ್ತೇನೆ.

ಪತ್ರಿಕೆಗಳ ವಿಷಯಕ್ಕೆ ಬಂದರೆ, ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗಿನ ನೇತ್ರದಾನ ಪಾಕ್ಷಿಕದಲ್ಲಿ ಎಲ್ಲರೂ ಜಾಥಾ ಮಾಡುತ್ತಾರೆ, ಎಲ್ಲರ ಸುದ್ದಿಯೂ ಬರುತ್ತದೆ. ನಾವೂ ಮಾಡುತ್ತೇವೆ. ಆದರೆ ಜಿಲ್ಲಾ ಪುಟದಲ್ಲಿ ಜನ ತಪ್ಪದೆ ಓದುವುದು ನಿಧನ ವಾರ್ತೆ. ‘ಮೃತರಿಗೆ ಪತ್ನಿ, ಇಬ್ಬರು ಪುತ್ರರು ಇದ್ದಾರೆ’ ಎಂಬ ಸಾಲಿನ ಪಕ್ಕದಲ್ಲಿ ‘ಮೃತರ ನೇತ್ರಗಳನ್ನು ದಾನ ಮಾಡಲಾಗಿದೆ’ ಎಂಬ ಇನ್ನೊಂದು ಸಾಲು ಬಂದರೆ, ಅದು ಬಂಧುಬಳಗದ ಊರೂರಿಗೂ ಮುಟ್ಟುತ್ತದೆ. ಅರೆಕಾಲಿಕ ವರದಿಗಾರರಿಗೆ ನಾವು ಇದನ್ನು ಸಂಜೆಯೊಳಗೆ, ಯೂನಿಕೋಡಿನಲ್ಲಿ ಟೈಪ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ. ಹೆಸರು, ವಯಸ್ಸು, ಊರು ಸರಿಯಾಗಿರಬೇಕು. ಅವರಿಗೆ ಕೆಲಸ ಹಗುರವಾದಷ್ಟೂ ಸುದ್ದಿ ಅಚ್ಚಾಗುವ ಸಾಧ್ಯತೆ ಹೆಚ್ಚು. ಸಂಘದ ಪದಾಧಿಕಾರಿಗಳ ಪಟ್ಟಿಯನ್ನು ನಾವು ಸೇರಿಸುವುದೇ ಇಲ್ಲ.

ಫೋಟೊದ ಬಗ್ಗೆ ನನ್ನದು ಗಟ್ಟಿ ನಿಲುವು. ಪಾರ್ಥಿವ ಶರೀರದ ಮುಂದೆ ಯಾರೂ ನಿಂತು ಚಿತ್ರ ತೆಗೆಸಿಕೊಳ್ಳಬಾರದು. ಮನೆಯವರು ತಾವಾಗಿ ಕೊಟ್ಟ ಹಳೆಯ ಭಾವಚಿತ್ರ ಇದ್ದರೆ ಸರಿ, ಇಲ್ಲದಿದ್ದರೆ ಚಿತ್ರವೇ ಬೇಡ. ಕಣ್ಣು ಪಡೆದವರು ಯಾರೆಂಬುದನ್ನು ನೇತ್ರ ಬ್ಯಾಂಕುಗಳು ಗುಟ್ಟಾಗಿಡುತ್ತವೆ. ಆ ಗುಟ್ಟನ್ನು ಕೆದಕುವ ಸುದ್ದಿಗೂ ನಾವು ಕೈಹಾಕುವುದಿಲ್ಲ. ಪ್ರಚಾರದ ಆಸೆಗೆ ಒಂದು ಮನೆಯ ಮನಸ್ಸು ನೋಯಿಸಿದರೆ ಆ ಓಣಿಯ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತವೆ, ಮುಚ್ಚಿಕೊಳ್ಳಬೇಕಾದದ್ದೇ.

ನೇತ್ರದಾನದ ಪ್ರಮಾಣಪತ್ರವನ್ನು ನಾವು ಶಿವಗಣಾರಾಧನೆ ಅಥವಾ ವೈಕುಂಠ ಸಮಾರಾಧನೆಯ ದಿನ, ಮನೆಯವರು ಬನ್ನಿ ಎಂದರೆ ಮಾತ್ರ, ಹೋಗಿ ಕೊಡುತ್ತೇವೆ. ಅಲ್ಲಿ ಹತ್ತಾರು ಹಳ್ಳಿಯ ನೆಂಟರು ಸೇರಿರುತ್ತಾರೆ. ಯಾವ ಸಭಾಂಗಣ ಬಾಡಿಗೆಗೆ ಹಿಡಿದರೂ ಸಿಗದ ಕೇಳುಗರು ಅವರು. ಎರಡು ನಿಮಿಷ ಮಾತಾಡುತ್ತೇನೆ. ಕಣ್ಣು ತೆಗೆದರೆ ಮುಖ ವಿಕಾರವಾಗುವುದಿಲ್ಲ. ಸಕ್ಕರೆ ಕಾಯಿಲೆಯವರು, ಕನ್ನಡಕದವರೂ ಕೊಡಬಹುದು. ಎಚ್‌ಐವಿ, ರೇಬಿಸ್, ಹೆಪಟೈಟಿಸ್‌ನಂಥವು ಇದ್ದವರದು ಬರುವುದಿಲ್ಲ. ತಂಡ ಬರುವತನಕ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನು ಆರಿಸಿ, ತಲೆಯ ಕೆಳಗೆ ದಿಂಬು ಕೊಡಿ. ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತಾರಂತೆ ಎಂಬ ಭಯ ಅಲ್ಲಿಯೇ ಎದ್ದುಬರುತ್ತದೆ. ಅದಕ್ಕೆ ನಾನು ಉತ್ತರ ಕೊಡುವುದಕ್ಕಿಂತ ಆ ಮನೆಯ ಸೊಸೆಯೋ ಮಗನೋ ಕೊಟ್ಟರೆ ಜನ ನಂಬುತ್ತಾರೆ. ಕಾವಿ ತೊಟ್ಟವರು ಒಂದು ಮಾತು ಆಡಿದರಂತೂ ಊರಿಗೆ ಊರೇ ಒಪ್ಪುತ್ತದೆ.

ಇರುವ ಅಲ್ಪ ಹಣವನ್ನು ನಾವು ಹಾಕುವುದು ಫೋನಿಗೆ. ನಂಬರು ಎಂದೂ ಬದಲಾಗಬಾರದು, ನಡುರಾತ್ರಿಯೂ ಎತ್ತಬೇಕು. ಸರದಿಯ ಮೇಲೆ ನಮ್ಮಲ್ಲಿ ಒಬ್ಬರ ದಿಂಬಿನ ಪಕ್ಕ ಅದು ಇರುತ್ತದೆ. ಒಂದು ಕರೆ ತಪ್ಪಿದರೆ ಆ ಸುದ್ದಿ ನಮ್ಮ ಎಲ್ಲ ಸುದ್ದಿಗಿಂತ ಬೇಗ ಹರಡುತ್ತದೆ. ನಂಬರನ್ನು ಮನೆಮನೆಗೆ ಮುಟ್ಟಿಸಿದ್ದು ಪೇಟೆಯ ಜವಳಿ ಅಂಗಡಿಯ ಕ್ಯಾಲೆಂಡರು. ಹೇಗೂ ಪ್ರತಿವರ್ಷ ಅಚ್ಚು ಹಾಕಿಸುತ್ತಾರೆ, ಕೆಳಗೊಂದು ಸಾಲು ಜಾಗ ಕೊಡಿ ಎಂದು ಕೇಳಿದೆವು. ಸಂತೋಷದಿಂದ ಕೊಟ್ಟರು. ವರ್ಷವಿಡೀ ಗೋಡೆಯ ಮೇಲಿರುವ ಜಾಹೀರಾತು ಬೇರೆಲ್ಲಿ ಸಿಕ್ಕೀತು?

ಪೇಟೆಯ ಕ್ಯಾಲೆಂಡರು ಮುಟ್ಟದ ಹಳ್ಳಿಗಳಿಗಾಗಿ ಈಗ ಹಾಲಿನ ಡೇರಿಗಳ ಕಾರ್ಯದರ್ಶಿಗಳನ್ನು ಒಬ್ಬೊಬ್ಬರನ್ನಾಗಿ ಕಾಣುತ್ತಿದ್ದೇವೆ. ಸದಸ್ಯರ ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ನಂಬರಿನ ಸೀಲು ಒತ್ತಲು ಕೆಲವರು ಒಪ್ಪಿದ್ದಾರೆ. ಸೀಲು ಮಾಡಿಸಿಕೊಡುವುದು ನಮ್ಮ ಖರ್ಚು.