ವೃದ್ಧಾಶ್ರಮಕ್ಕೆ ಕೊಡುವುದು ಹೇಗೆ? ದಾನದ ದಾರಿಗಳು ಮತ್ತು ಅದರ ಲೆಕ್ಕ



ರಮ್ಜಾನ್ ಹತ್ತಿರ ಬಂದಂತೆ ತರಗತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ನಾವೆಲ್ಲ ಸೇರಿ ವೃದ್ಧಾಶ್ರಮಕ್ಕೆ ಏನಾದರೂ ಕೊಡೋಣವಾ? ಝಕಾತ್ ಹಣ ಕೊಟ್ಟರೆ ನಡೆಯುತ್ತದಾ?" ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಕಡೆಯಿಂದ ಬರುವ ಮಕ್ಕಳೂ ಇದನ್ನೇ ಕೇಳುತ್ತಾರೆ. ಕೊಡುವ ಮನಸ್ಸು ಇದೆ, ದಾರಿ ಗೊತ್ತಿಲ್ಲ. ನಾನು ಲೆಕ್ಕಶಾಸ್ತ್ರ ಕಲಿಸುವವನು. ಆದ್ದರಿಂದ ಈ ಪ್ರಶ್ನೆಗೆ ಒಂದು ಪಾಠದ ರೀತಿಯಲ್ಲೇ ಉತ್ತರ ಬರೆಯುತ್ತಿದ್ದೇನೆ. ಧರ್ಮದ ವಿಚಾರದಲ್ಲಿ ಸಂದೇಹ ಬಂದರೆ ನಿಮ್ಮ ಮಸೀದಿಯ ಇಮಾಮರನ್ನೋ ಆಲಿಮರನ್ನೋ ಕೇಳಿ ಖಚಿತಪಡಿಸಿಕೊಳ್ಳಿ.

1. ಮೊದಲು ಬಾಕಿ, ಆಮೇಲೆ ದಾನ

ಲೆಕ್ಕದ ಪುಸ್ತಕದಲ್ಲಿ ಸಾಲವನ್ನು ದಾನದ ಕಾಲಂನಲ್ಲಿ ಬರೆಯುವಂತಿಲ್ಲ. ಅಂಗಡಿಯವನಿಗೆ ಕೊಡಬೇಕಾದ ಬಾಕಿ ತೀರಿಸಿ "ಅವನಿಗೆ ದಾನ ಮಾಡಿದೆ" ಎಂದರೆ ಯಾರೂ ಒಪ್ಪುವುದಿಲ್ಲ. ತಂದೆ, ತಾಯಿ, ಅಜ್ಜ, ಅಜ್ಜಿಯರ ಆರೈಕೆ ಇಂಥ ಬಾಕಿ.

ಕಾನೂನೂ ಇದನ್ನೇ ಹೇಳುತ್ತದೆ. ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ತಮ್ಮ ದುಡಿಮೆಯಿಂದ ಅಥವಾ ಆಸ್ತಿಯಿಂದ ಬದುಕಲಾಗದ ತಂದೆತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು. ನಮ್ಮಲ್ಲಿ ಉಪವಿಭಾಗಾಧಿಕಾರಿಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಮೂಲ ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ನೋಡಿಕೊಳ್ಳಬೇಕಾದವರೇ ಹಿರಿಯರನ್ನು ಎಲ್ಲೋ ಬಿಟ್ಟು ಹೋದರೆ 3 ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಮ್ಮ ಧರ್ಮಶಾಸ್ತ್ರದ ನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತಂದೆ, ತಾಯಿ, ಅಜ್ಜ, ಅಜ್ಜಿಯರಿಗೆ ಝಕಾತ್ ಕೊಡುವಂತಿಲ್ಲ. ಅವರು ಅರ್ಹರಲ್ಲ ಎಂದಲ್ಲ, ಅವರ ಖರ್ಚು ಮೊದಲೇ ನಮ್ಮ ಹೊಣೆ ಎಂಬುದೇ ಕಾರಣ. ಕಾನೂನಿನ ಪುಸ್ತಕ, ಧರ್ಮದ ಪುಸ್ತಕ ಎರಡರಲ್ಲೂ ಹೆತ್ತವರ ಖರ್ಚು ದಾನದ ಕಾಲಂನಲ್ಲಿಲ್ಲ. ಮನೆಯಲ್ಲಿ ಅಜ್ಜಿಯ ಬಿ.ಪಿ. ಮಾತ್ರೆ ಮುಗಿದಿರುವಾಗ ಆಶ್ರಮಕ್ಕೆ ಹಣ್ಣು ಹಂಚಲು ಹೋಗುವುದು ಲೆಕ್ಕ ತಪ್ಪಿದ ಕೆಲಸ. ವೃದ್ಧಾಶ್ರಮ ಇರುವುದು ನೋಡಿಕೊಳ್ಳಲು ಯಾರೂ ಇಲ್ಲದವರಿಗೆ, ಇದ್ದೂ ಇಲ್ಲದಂತಾದವರಿಗೆ.

2. ಹಣ ಒಂದೇ, ಹೆಸರು ಬೇರೆ ಬೇರೆ

ಲಾಭರಹಿತ ಸಂಸ್ಥೆಗಳ ಲೆಕ್ಕದಲ್ಲಿ ಸಾಮಾನ್ಯ ದೇಣಿಗೆ, ನಿರ್ದಿಷ್ಟ ದೇಣಿಗೆ ಎಂದು ಎರಡು ವಿಧ. ಕಟ್ಟಡಕ್ಕೆಂದು ಬಂದ ಹಣವನ್ನು ಅಡಿಗೆ ಖರ್ಚಿಗೆ ಬಳಸಬಾರದು. ಇಸ್ಲಾಮಿನ ದಾನಗಳಲ್ಲೂ ಇದೇ ಶಿಸ್ತು ಇದೆ.

ಝಕಾತ್: ನಿಸಾಬ್‌ಗಿಂತ ಹೆಚ್ಚಿನ ಸಂಪತ್ತು ಒಂದು ವರ್ಷ ಉಳಿದರೆ ಅದರ ನಲವತ್ತರಲ್ಲಿ ಒಂದು ಪಾಲು, ಅಂದರೆ ಶೇಕಡಾ 2.5. ನಿಸಾಬ್ ಅಂದರೆ 87.48 ಗ್ರಾಂ ಚಿನ್ನ ಅಥವಾ 612.36 ಗ್ರಾಂ ಬೆಳ್ಳಿ ಎಂಬುದು ನಮ್ಮ ಕಡೆ ರೂಢಿಯಲ್ಲಿರುವ ಲೆಕ್ಕ. ಎರಡು ಲಕ್ಷ ರೂಪಾಯಿ ಉಳಿತಾಯಕ್ಕೆ 5,000 ರೂಪಾಯಿ ಝಕಾತ್. ಇದನ್ನು ಪಡೆಯುವ ಎಂಟು ವರ್ಗದವರನ್ನು ಕುರ್‌ಆನಿನ ಸೂರಾ ತೌಬಾದಲ್ಲಿ ಹೆಸರಿಸಲಾಗಿದೆ. ಹನಫಿ ವಿದ್ವಾಂಸರ ಪ್ರಕಾರ ಝಕಾತ್ ಅರ್ಹ ಬಡವರ ಕೈಗೆ ಅವರ ಸ್ವಂತದ್ದಾಗಿ ಸೇರಬೇಕು. ಹಾಗಾಗಿ ಆಶ್ರಮದ ಗೋಡೆಗೆ, ಕರೆಂಟ್ ಬಿಲ್ಲಿಗೆ, ಅಡಿಗೆಯವರ ಸಂಬಳಕ್ಕೆ ಝಕಾತ್ ಸಲ್ಲುವುದಿಲ್ಲ. ಅಲ್ಲಿರುವ ಬಡ ಮುಸ್ಲಿಂ ವೃದ್ಧರ ಕೈಗೆ ನಗದು, ಬಟ್ಟೆ, ಔಷಧಿ ಕೊಟ್ಟರೆ ಸಲ್ಲುತ್ತದೆ.

ಫಿದ್ಯಾ: ಉಪವಾಸ ಹಿಡಿಯಲಾಗದಷ್ಟು ವಯಸ್ಸಾದವರು, ವಾಸಿಯಾಗದ ಕಾಯಿಲೆಯವರು ಪ್ರತಿ ಉಪವಾಸಕ್ಕೆ ಬದಲಾಗಿ ಒಬ್ಬ ಬಡವನ ಆಹಾರ ಕೊಡಬೇಕು. ನಿಮ್ಮ ಅಜ್ಜ 30 ದಿನ ಉಪವಾಸ ಹಿಡಿಯಲಾರದಿದ್ದರೆ 30 ಫಿದ್ಯಾ. ಹನಫಿ ಲೆಕ್ಕದಲ್ಲಿ ಒಂದಕ್ಕೆ ಸುಮಾರು ಒಂದೂಮುಕ್ಕಾಲು ಕಿಲೋ ಗೋಧಿ ಅಥವಾ ಅದರ ಬೆಲೆ. ಒಬ್ಬ ಹಿರಿಯರ ಅಶಕ್ತತೆ ಇನ್ನೊಬ್ಬ ಹಿರಿಯರ ಊಟವಾಗುವ ಏರ್ಪಾಡು ಇದು.

ಸದಕಾ: ಇದಕ್ಕೆ ಇಂಥ ಕಟ್ಟುಗಳಿಲ್ಲ. ಆಶ್ರಮಗಳಲ್ಲಿ ಎಲ್ಲ ಜಾತಿ, ಧರ್ಮದ ಹಿರಿಯರಿರುತ್ತಾರೆ. ಝಕಾತ್ ಮುಸ್ಲಿಂ ಬಡವರಿಗೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಸದಕಾ ಮಾತ್ರ ಯಾರಿಗೂ ಕೊಡಬಹುದು, ಕಟ್ಟಡಕ್ಕೂ ಸಂಬಳಕ್ಕೂ ಆಗುತ್ತದೆ. ವಿದ್ಯಾರ್ಥಿಗಳು ಕೂಡಿಹಾಕುವ ಹಣವನ್ನು ಸದಕಾ ಎಂದೇ ಬರೆದುಕೊಂಡರೆ ತೊಡಕಿಲ್ಲ. ಯಾರಾದರೂ ಝಕಾತ್ ಕೊಟ್ಟರೆ ಅದಕ್ಕೆ ಬೇರೆ ಲಕೋಟೆ, ಬೇರೆ ಪುಟ ಇಡಿ.

ವಸಿಯ್ಯತ್: ಸಾಲ ಮತ್ತು ಅಂತ್ಯಸಂಸ್ಕಾರದ ಖರ್ಚು ಕಳೆದು ಉಳಿದ ಆಸ್ತಿಯಲ್ಲಿ ಮೂರನೇ ಒಂದು ಭಾಗದವರೆಗೆ ಮುಸ್ಲಿಮರು ಉಯಿಲಿನ ಮೂಲಕ ಸಂಸ್ಥೆಗೆ ಕೊಡಬಹುದು. ಅದಕ್ಕಿಂತ ಹೆಚ್ಚು ಕೊಡಲು ವಾರಸುದಾರರ ಒಪ್ಪಿಗೆ ಬೇಕು. ದಾನದ ಹೆಸರಿನಲ್ಲಿ ಮಕ್ಕಳ ಹಕ್ಕು ಹೋಗಬಾರದು ಎಂಬುದು ಇದರ ಅರ್ಥ.

3. ಆಶ್ರಮಕ್ಕೆ ನಿಜವಾಗಿ ಬೇಕಾದದ್ದು

ಹಬ್ಬದ ದಿನ, ಹುಟ್ಟುಹಬ್ಬದ ದಿನ ಎಲ್ಲರೂ ಸಿಹಿ ಹಿಡಿದು ಹೋಗುತ್ತಾರೆ. ಒಂದೇ ಮಧ್ಯಾಹ್ನ ಮೂರು ಕಡೆಯಿಂದ ಊಟ ಬಂದರೆ ಎರಡು ಕಡೆಯದು ಹಾಳು. ಅಲ್ಲಿರುವವರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಆದ್ದರಿಂದ ಹೋಗುವ ಮೊದಲು ಫೋನ್ ಮಾಡಿ "ಈ ತಿಂಗಳು ಏನು ಕಡಿಮೆಯಾಗಿದೆ?" ಎಂದು ಕೇಳಿ. ವಯಸ್ಕರ ಡೈಪರ್, ಬೆಡ್‌ಶೀಟ್, ಸೋಪು, ಫಿನಾಯಿಲ್, ವಾಕರ್, ಗ್ಯಾಸ್ ಸಿಲಿಂಡರ್, ಇವು ಯಾರಿಗೂ ತಟ್ಟನೆ ಹೊಳೆಯದ ದಾನಗಳು.

ನಮ್ಮ ಊರುಗಳಲ್ಲಿ ಬೆಳೆಯುವುದನ್ನೇ ಕೊಡಬಹುದು. ಹಿರಿಯೂರು, ಹೊಸದುರ್ಗದ ತೋಟದವರಿಗೆ ಹತ್ತು ತೆಂಗಿನಕಾಯಿ ದೊಡ್ಡದಲ್ಲ. ರಾಗಿ, ಜೋಳ, ಈರುಳ್ಳಿ, ಶೇಂಗಾ ಬೆಳೆಯುವವರು ಸುಗ್ಗಿಯಲ್ಲಿ ಒಂದು ಚೀಲ ತೆಗೆದಿಡಬಹುದು. ಬಕ್ರೀದ್ ಮಾಂಸವನ್ನು ಮಾತ್ರ ಕೇಳದೆ ಒಯ್ಯಬೇಡಿ. ಕೆಲವು ಆಶ್ರಮಗಳಲ್ಲಿ ಸಸ್ಯಾಹಾರ ಮಾತ್ರ. ಔಷಧಿ ಕೊಡುವುದಾದರೆ ವೈದ್ಯರ ಚೀಟಿಯಂತೆ ಹೊಸದಾಗಿ ಕೊಂಡು ಕೊಡಿ. ಮನೆಯಲ್ಲಿ ಉಳಿದ ಅರ್ಧ ಸ್ಟ್ರಿಪ್ ಮಾತ್ರೆ, ಹರಿದ ಬಟ್ಟೆ ದಾನವಲ್ಲ, ಕಸ ಸಾಗಿಸುವುದು.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಕ್ರೈಸ್ತ ಸಂನ್ಯಾಸಿನಿಯರು ವೃದ್ಧರ ಮನೆ ನಡೆಸುತ್ತಿದ್ದಾರೆ. ಈ ಪಂಥ ಕಟ್ಟಿದ ಜಾನ್ ಜುಗಾನ್ 1839ರಲ್ಲಿ ಫ್ರಾನ್ಸಿನಲ್ಲಿ ಒಬ್ಬ ಕುರುಡು ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಆಮೇಲೆ ಬುಟ್ಟಿ ಹಿಡಿದು ಮನೆ ಮನೆಗೆ ಹೋಗಿ, ವೃದ್ಧರಿಗೆ ಬೇಕಾದ್ದನ್ನು ಕೇಳಿ ತಂದರು. ಬೇಕಾದ್ದನ್ನು ಕೇಳಿ ಪಡೆಯುವ ಆ ರೀತಿ ಇವತ್ತಿಗೂ ಅವರಲ್ಲಿದೆ. ಕೊಡುವವರೂ ಹಾಗೆಯೇ ಕೇಳಿ ಕೊಟ್ಟರೆ ಯಾವುದೂ ವ್ಯರ್ಥವಾಗದು.

4. ಒಂದು ದಿನದ ಊಟದ ಲೆಕ್ಕ

ಉದಾಹರಣೆಗೆ ಒಂದು ಆಶ್ರಮದಲ್ಲಿ 30 ಜನ, ಒಬ್ಬರಿಗೆ ದಿನಕ್ಕೆ 100 ರೂಪಾಯಿ ಊಟದ ಖರ್ಚು ಎಂದಿಟ್ಟುಕೊಳ್ಳಿ. ದಿನಕ್ಕೆ 3,000 ರೂಪಾಯಿ. 60 ವಿದ್ಯಾರ್ಥಿಗಳ ಒಂದು ತರಗತಿ ತಲಾ 50 ರೂಪಾಯಿ ಹಾಕಿದರೆ ಒಂದು ದಿನದ ಅಡಿಗೆ ನಡೆಯುತ್ತದೆ.

ಕೆಲವು ಕಡೆ "ಶಾಶ್ವತ ನಿಧಿ" ಎಂಬ ಏರ್ಪಾಡಿದೆ. 50,000 ರೂಪಾಯಿ ಠೇವಣಿ ಇಟ್ಟರೆ ಶೇಕಡಾ 6ರಂತೆ ವರ್ಷಕ್ಕೆ 3,000 ಬಡ್ಡಿ, ಪ್ರತಿ ವರ್ಷ ನಿಮ್ಮ ಹೆಸರಿನಲ್ಲಿ ಒಂದು ದಿನದ ಊಟ. ಇದರಲ್ಲಿ ಎರಡು ತೊಡಕು. ಒಂದು, ಬಡ್ಡಿ ನಮಗೆ ನಿಷಿದ್ಧ. ಇನ್ನೊಂದು, ಲೆಕ್ಕದ ತೊಡಕು. ಬೆಲೆ ವರ್ಷಕ್ಕೆ ಶೇಕಡಾ 6 ಏರಿದರೆ 72ನ್ನು 6ರಿಂದ ಭಾಗಿಸಿ, 12 ವರ್ಷದಲ್ಲಿ ಬೆಲೆ ಎರಡು ಪಟ್ಟು. ಆಗ ಊಟಕ್ಕೆ 6,000 ಬೇಕು, ಬಡ್ಡಿ ಬರುವುದು ಅದೇ 3,000. ಶಾಶ್ವತ ಎಂದದ್ದು ಅರ್ಧ ದಿನಕ್ಕೆ ಇಳಿಯುತ್ತದೆ.

ಇದಕ್ಕೆ ವಕ್ಫ್‌ನ ದಾರಿಯಿದೆ. ಹಜ್ರತ್ ಉಮರ್ ಅವರು ಖೈಬರ್‌ನಲ್ಲಿ ಸಿಕ್ಕ ಜಮೀನಿನ ಬಗ್ಗೆ ಪ್ರವಾದಿಯವರನ್ನು (ಸ) ಕೇಳಿದಾಗ, ಮೂಲವನ್ನು ಉಳಿಸಿ ಫಲವನ್ನು ದಾನ ಮಾಡುವ ಸಲಹೆ ಸಿಕ್ಕಿತು. ಅವರು ಆ ಜಮೀನನ್ನು ಮಾರಲಾಗದಂತೆ ಮಾಡಿ ಅದರ ಉತ್ಪತ್ತಿಯನ್ನು ಬಡವರಿಗೆ ಬಿಟ್ಟರು. ಇವತ್ತಿನ ಲೆಕ್ಕದಲ್ಲಿ, ನಾಲ್ಕಾರು ಮನೆಯವರು ಸೇರಿ ಒಂದು ಮಳಿಗೆಯನ್ನು ಆಶ್ರಮಕ್ಕೆ ಬಿಟ್ಟರೆ ತಿಂಗಳಿಗೆ 5,000 ಬಾಡಿಗೆಯಂತೆ ವರ್ಷಕ್ಕೆ 60,000, ಅಂದರೆ 20 ದಿನದ ಊಟ. ರಿಪೇರಿ, ತೆರಿಗೆ, ಖಾಲಿ ಬೀಳುವ ತಿಂಗಳು ಕಳೆಯಬೇಕು, ನಿಜ. ಆದರೆ ಬೆಲೆ ಏರಿದಂತೆ ಬಾಡಿಗೆಯನ್ನೂ ಏರಿಸಬಹುದು. ಪತ್ರ ಮಾತ್ರ ಕಾನೂನಿನಂತೆ ನೋಂದಣಿಯಾಗಿರಬೇಕು.

5. ರಸೀದಿ ಮತ್ತು ತೆರಿಗೆ

ಕೊಡುವ ಮೊದಲು ಐದು ವಿಷಯ ನೋಡಿ. ಸಂಸ್ಥೆ ಟ್ರಸ್ಟ್ ಆಗಿ ಅಥವಾ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿಯಾಗಿದೆಯೇ? ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲಿದೆಯೇ? ಯುಪಿಐ ಸ್ಕ್ಯಾನ್ ಮಾಡಿದಾಗ ಸಂಸ್ಥೆಯ ಹೆಸರೇ ಬರುತ್ತದೆಯೇ, ಯಾರದೋ ಸ್ವಂತ ಹೆಸರೇ? ನಂಬರ್ ಹಾಕಿದ ರಸೀದಿ ಕೊಡುತ್ತಾರೆಯೇ? ಲೆಕ್ಕ ಪರಿಶೋಧನೆಯ ವರದಿ ಕೇಳಿದರೆ ತೋರಿಸುತ್ತಾರೆಯೇ? ಕೇಳಿದ್ದಕ್ಕೆ ಒಳ್ಳೆಯ ಸಂಸ್ಥೆ ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೂ ಸಂದೇಹವಿದ್ದರೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು.

ತೆರಿಗೆ ಕಟ್ಟುವ ಪೋಷಕರಿಗೆ ಇನ್ನೊಂದು ಅನುಕೂಲ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಂ ಅಡಿ ಮಾನ್ಯತೆ ಪಡೆದ ಇಂಥ ಸಂಸ್ಥೆಗೆ ಕೊಟ್ಟ ಹಣದಲ್ಲಿ, ಒಂದು ಮಿತಿಯೊಳಗೆ, ಅರ್ಧದಷ್ಟನ್ನು ಆದಾಯದಿಂದ ಕಳೆಯಬಹುದು. 10,000 ರೂಪಾಯಿ ಕೊಟ್ಟರೆ 5,000 ಕಳೆಯುತ್ತದೆ. ಶೇಕಡಾ 20ರ ಹಂತದಲ್ಲಿರುವವರಿಗೆ 1,000 ರೂಪಾಯಿ, ಶೇಕಡಾ 4ರ ಸೆಸ್ ಸೇರಿ 1,040 ರೂಪಾಯಿ ಉಳಿತಾಯ. ಇದಕ್ಕೆ ಷರತ್ತುಗಳಿವೆ: 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಡಬಾರದು, ಅಕ್ಕಿ, ಬಟ್ಟೆಯ ರೂಪದ ದಾನಕ್ಕೆ ಇದು ಸಿಗದು, ಸಂಸ್ಥೆಯಿಂದ 10ಬಿಇ ಪ್ರಮಾಣಪತ್ರ ಪಡೆಯಬೇಕು, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇದಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಕಲಂ ಸಂಖ್ಯೆಗಳು ಬೇರೆ.

ಚಿಕ್ಕಪ್ಪನೋ ಮಾಮೂನೋ ಸೌದಿ, ದುಬೈಯಲ್ಲಿದ್ದರೆ? ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಬೇಕು.

ದೊಡ್ಡ ಕಂಪನಿಗಳ ದಾರಿಯೂ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ವೃದ್ಧಾಶ್ರಮವೂ ಸೇರಿದೆ. ನಮ್ಮ ಜಿಲ್ಲೆಯಲ್ಲಿ ಗಾಳಿ ವಿದ್ಯುತ್, ಗಣಿ ಕಂಪನಿಗಳಿವೆ. ಆಶ್ರಮದವರಿಗೆ ಅರ್ಜಿ ಬರೆದುಕೊಡುವಷ್ಟು ಇಂಗ್ಲಿಷ್ ನಿಮ್ಮಲ್ಲಿ ಹಲವರಿಗೆ ಬರುತ್ತದೆ.

6. ಜೇಬು ಖಾಲಿ ಇರುವವರ ದಾನ

1974ರಲ್ಲಿ ಬ್ರಿಟನ್ನಿನ ಹೆಲ್ಪ್ ದಿ ಏಜ್ಡ್ ಸಂಸ್ಥೆಯ ಸ್ಥಾಪಕ ಸೆಸಿಲ್ ಜಾಕ್ಸನ್ ಕೋಲ್ ಭಾರತಕ್ಕೆ ಬಂದಾಗ ಸ್ಯಾಮ್ಸನ್ ಡೇನಿಯಲ್ ಎಂಬವರು ಅವರಲ್ಲಿ ಹಣ ಕೇಳಿದರು. ಅವರು ಹಣದ ಬದಲು, ನಿಧಿ ಸಂಗ್ರಹಿಸುವುದನ್ನು ಕಲಿಯಿರಿ ಎಂದು ಸಲಹೆ ಕೊಟ್ಟರು. ಡೇನಿಯಲ್ ದಂಪತಿ ಲಂಡನ್ನಿನಲ್ಲಿ ತರಬೇತಿ ಪಡೆದು ಬಂದು ದೆಹಲಿಯ ಶಾಲಾ ಮಕ್ಕಳಿಂದ ನಿಧಿಗಾಗಿ ನಡಿಗೆ ಏರ್ಪಡಿಸಿದರು. ಆ ಕೆಲಸವೇ ಬೆಳೆದು 1978ರಲ್ಲಿ ಹೆಲ್ಪ್‌ಏಜ್ ಇಂಡಿಯಾ ಆಯಿತು. ಅದರ ಆರಂಭದಲ್ಲಿ ನಡೆದವರು ನಿಮಗಿಂತ ಚಿಕ್ಕವರು.

ನೀವೂ ಸಂಗ್ರಹ ಮಾಡಬಹುದು, ಆದರೆ ಪ್ರಾಂಶುಪಾಲರ ಅನುಮತಿ ಪತ್ರ ಮತ್ತು ರಸೀದಿ ಪುಸ್ತಕ ಇಲ್ಲದೆ ಬೀದಿಗಿಳಿಯಬೇಡಿ. ಹಣವಲ್ಲದೆ ಸಮಯವೂ ಇದೆ. ಕಣ್ಣು ಮಂಜಾದವರಿಗೆ ಕನ್ನಡ ಅಥವಾ ಉರ್ದು ಪತ್ರಿಕೆ ಓದಿ ಹೇಳಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಇದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಹೊಂದಿಸಿ ನಾಡಕಚೇರಿಯಲ್ಲಿ ಒಬ್ಬರ ಅರ್ಜಿ ಹಾಕಿಸಿದರೆ ಅವರಿಗೆ ವರ್ಷಕ್ಕೆ 14,400 ರೂಪಾಯಿ ಬರುತ್ತದೆ. ನಿಮ್ಮಲ್ಲಿ ಯಾರೂ ಅಷ್ಟು ಹಣ ಜೇಬಿನಿಂದ ಕೊಡಲಾರಿರಿ, ಒಂದು ದಿನದ ಓಡಾಟದಿಂದ ಕೊಡಿಸಬಲ್ಲಿರಿ. ಬೀದಿಯಲ್ಲಿ ದಿಕ್ಕಿಲ್ಲದ ಹಿರಿಯರು ಕಂಡರೆ 14567 ಸಹಾಯವಾಣಿಗೆ ಕರೆ ಮಾಡಿ.

ಒಂದು ಕೋರಿಕೆ. ಬಾಳೆಹಣ್ಣು ಕೊಡುವಾಗ ಹಿರಿಯರ ಕೈ ಹಿಡಿದು ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಅವರೂ ಒಂದು ಕಾಲದಲ್ಲಿ ಹತ್ತು ಜನಕ್ಕೆ ಅನ್ನ ಹಾಕಿದವರೇ ಇರಬಹುದು. ಲೆಕ್ಕ ಎಲ್ಲರಿಗೂ ಕಾಣುವಂತಿರಲಿ, ಪಡೆದವರ ಮುಖ ಕಾಣುವುದು ಬೇಡ.

ಅಭ್ಯಾಸ

(1) ನಿಮ್ಮ ತರಗತಿಯಲ್ಲಿ 4,500 ರೂಪಾಯಿ ಸೇರಿದೆ, ಅದರಲ್ಲಿ 1,500 ಝಕಾತ್. ಎರಡನ್ನೂ ಯಾವ ಯಾವ ಖರ್ಚಿಗೆ ಬಳಸುವಿರಿ? ಬೇರೆ ಬೇರೆ ಪುಟದಲ್ಲಿ ಬರೆಯಿರಿ.
(2) ಬೆಲೆ ವರ್ಷಕ್ಕೆ ಶೇಕಡಾ 8 ಏರಿದರೆ ಊಟದ ಖರ್ಚು ಎಷ್ಟು ವರ್ಷದಲ್ಲಿ ಎರಡು ಪಟ್ಟಾಗುತ್ತದೆ?
(3) ನಿಮ್ಮ ಓಣಿಯಲ್ಲಿ 65 ದಾಟಿಯೂ ಪಿಂಚಣಿ ಬಾರದ ಒಬ್ಬ ಬಡವರನ್ನು ಹುಡುಕಿ. ಅವರಲ್ಲಿ ಯಾವ ದಾಖಲೆ ಇಲ್ಲ ಎಂದು ಕೇಳಿ ಬರೆದು ತನ್ನಿ. ಮೂರನೆಯದಕ್ಕೆ ಉತ್ತರ ತಂದವರ ಜೊತೆ ನಾಡಕಚೇರಿಗೆ ನಾನೂ ಬರುತ್ತೇನೆ.