ಹರಾಜಿನ ವೇಷದಲ್ಲಿ ಬಂದ ಲಾಟರಿ

ಹಳೇ ನಾಣ್ಯ, ಅಂಚೆಚೀಟಿ ಕೂಡಿಡುವ ಹುಚ್ಚು ನನ್ನದು. ನಮ್ಮ ದೇಶದ ಹರಾಜು ತಾಣ ಬಾಜೀ ಡಾಟ್ ಕಾಮನ್ನು ಅಮೆರಿಕದ ಇಬೇ ಕೊಂಡುಕೊಂಡದ್ದು 2004ರಲ್ಲಿ. ಹೆಚ್ಚುಕಡಿಮೆ ಆ ಕಾಲದಿಂದ ನಾನು ಆನ್‌ಲೈನ್ ಹರಾಜುಗಳಲ್ಲಿ ಕೊಂಡಿದ್ದೇನೆ, ಸ್ವಲ್ಪ ಮಾರಿದ್ದೇನೆ, ಸಾಕಷ್ಟು ಕಳೆದಿದ್ದೇನೆ. 2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿ ನಿಷೇಧಿಸಿದಾಗ 'ಪೀಡೆ ತೊಲಗಿತು' ಅಂದವರಲ್ಲಿ ನಾನೂ ಒಬ್ಬ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ದಿನವೂ ಟಿಕೆಟ್ ಕೊಳ್ಳದವನು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅದನ್ನೇ ಕೊಳ್ಳುತ್ತಿದ್ದೆ. ಗೊತ್ತಾಗಲು ಬಹಳ ಕಾಲ ಹಿಡಿಯಿತು. ಈಗಲೂ ಎಲ್ಲ ಗೊತ್ತಾಗಿದೆ ಎಂದು ಎದೆ ತಟ್ಟಿ ಹೇಳಲಾರೆ.

1. ಏನು ಕೊಳ್ಳುತ್ತಿದ್ದೀರಿ ಎಂದು ಒಂದೇ ಮಾತಿನಲ್ಲಿ ಹೇಳಲು ಬರಬೇಕು

2005ರ ಕೊನೆಯಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಅಮೆರಿಕದ ಹರಾಜುಗಳಲ್ಲಿ ಅದರ ಖಾಲಿ ಡಬ್ಬವನ್ನು ಆಟದ ಯಂತ್ರವೆಂದೇ ನಂಬಿ ಕೊಂಡು ಪೇಚಿಗೆ ಬಿದ್ದವರಿದ್ದರು. ವಿವರಣೆಯ ತಳದಲ್ಲೆಲ್ಲೋ 'ಡಬ್ಬ ಮಾತ್ರ' ಎಂದು ಬರೆದಿರುತ್ತಿತ್ತು. ಓದಿ ನಕ್ಕಿದ್ದೆ. ಆಮೇಲೆ ನನ್ನ ಸರದಿ ಬಂತು. ಒಬ್ಬ ಮಾರಾಟಗಾರ 'ಮಿಸ್ಟರಿ ಲಕೋಟೆ' ಇಟ್ಟಿದ್ದ. ಫೋಟೋದಲ್ಲಿ ಹೊಳೆಯುವ ಬೆಳ್ಳಿ ರೂಪಾಯಿ. ಬರಹದಲ್ಲಿ 'ಕೆಲವು ಅದೃಷ್ಟಶಾಲಿ ಲಕೋಟೆಗಳಲ್ಲಿ ಬೆಳ್ಳಿ, ಉಳಿದವುಗಳಲ್ಲಿ ಸಂಗ್ರಹಯೋಗ್ಯ ವಸ್ತು' ಎಂದಿತ್ತು. ನನ್ನ ಲಕೋಟೆಯಲ್ಲಿ ಬಂದದ್ದು ಒಂದು ಅಲ್ಯೂಮಿನಿಯಂ ಎರಡು ಪೈಸೆ. ಸಂಗ್ರಹಯೋಗ್ಯ ಅಲ್ಲ ಎಂದು ವಾದಿಸಲಾಗದು, ನನ್ನ ಹತ್ತಿರ ಅದೇ ನಾಣ್ಯ ಆಗಲೇ ಡಬ್ಬಿಗಟ್ಟಲೆ ಇತ್ತು. 'ಬೆಳ್ಳಿ ರೂಪಾಯಿ ಕೊಂಡೆ' ಎಂದು ನಾನು ಹೇಳಿಕೊಳ್ಳುವಂತಿರಲಿಲ್ಲ. 'ಬೆಳ್ಳಿ ರೂಪಾಯಿ ಇರಬಹುದಾದ ಲಕೋಟೆ ಕೊಂಡೆ' ಎನ್ನಬೇಕಿತ್ತು. ಆ 'ಇರಬಹುದಾದ' ನಾನು ಓದುವಾಗ ಕಣ್ಣಿಗೇ ಬಿದ್ದಿರಲಿಲ್ಲ.

2. 'ಹುಡುಕಿ ನೋಡಿಲ್ಲ' ಅಂದವರು ಹುಡುಕಿಯೇ ಇರುತ್ತಾರೆ

ನಮ್ಮ ಹವ್ಯಾಸದಲ್ಲಿ ಲಾಟರಿಗೆ ಇರುವ ಮರ್ಯಾದಸ್ಥ ಹೆಸರು 'ಅನ್‌ಸರ್ಚ್ಡ್ ಲಾಟ್'. ಅಜ್ಜನ ಟ್ರಂಕಿನಲ್ಲಿತ್ತು, ಯಾರೂ ಆರಿಸಿಲ್ಲ, ಹೇಗಿದೆಯೋ ಹಾಗೇ ಕೊಡುತ್ತಿದ್ದೇನೆ ಎಂಬ ಕಥೆ ಇದ್ದೇ ಇರುತ್ತದೆ. ಅಮೆರಿಕದಲ್ಲಿ ಇದು ದೊಡ್ಡ ದಂಧೆ. 1909ರಿಂದ 1958ರವರೆಗಿನ ಗೋಧಿತೆನೆ ಸೆಂಟುಗಳನ್ನು ಕಾಗದದಲ್ಲಿ ಸುರುಳಿ ಸುತ್ತಿ, ತುದಿಯಲ್ಲಿ ಅದಕ್ಕಿಂತ ಹಳೆಯ ಇಂಡಿಯನ್ ಹೆಡ್ ಸೆಂಟ್ ಕಾಣುವಂತೆ ಇಡುತ್ತಾರೆ. ತುದಿಯಲ್ಲೇ ಇಂಥದ್ದಿದ್ದರೆ ಒಳಗೆ ಇನ್ನೇನಿರಬಹುದು ಎಂದು ಕೊಳ್ಳುವವನ ಮನಸ್ಸು ಓಡುತ್ತದೆ. ಅವನ ಕನಸು 1909ರ ಸ್ಯಾನ್‌ಫ್ರಾನ್ಸಿಸ್ಕೊ ಟಂಕಸಾಲೆಯ ವಿ.ಡಿ.ಬಿ. ಅಕ್ಷರಗಳಿರುವ ಸೆಂಟ್. ಟಂಕಿಸಿದ್ದೇ 4,84,000. ಆ ತುದಿಯ ನಾಣ್ಯವನ್ನು ಅಲ್ಲಿಡಲು ಯಾರೋ ಅದನ್ನು ಹುಡುಕಿರಲೇಬೇಕಲ್ಲ!

ನನ್ನ ಕನಸು 1939ರ ಆರನೇ ಜಾರ್ಜ್ ರೂಪಾಯಿ. ಬ್ರಿಟಿಷ್ ಇಂಡಿಯಾ ನಾಣ್ಯಗಳಲ್ಲಿ ಅದರ ವಿರಳತೆ ಪ್ರಸಿದ್ಧ. ಅದಕ್ಕಾಗಿ ತೂಕದ ಲೆಕ್ಕದಲ್ಲಿ ಲಾಟು ಮೇಲೆ ಲಾಟು ತರಿಸಿದೆ. ಬಂದದ್ದೆಲ್ಲ ರಾಜನ ಮುಖ ಸವೆದು ಮೊಟ್ಟೆಯಂತಾದ ಕಾಲಾಣೆಗಳು. ಬೆಂಗಳೂರಿನ ನಾಣ್ಯ ಪ್ರದರ್ಶನವೊಂದರಲ್ಲಿ ಹಿರಿಯ ವ್ಯಾಪಾರಿಯೊಬ್ಬರ ಮುಂದೆ ಗೋಳು ತೋಡಿಕೊಂಡೆ. ಅವರು ಕನ್ನಡಕ ಒರೆಸುತ್ತಾ, "ಸ್ವಾಮಿ, ನಾನು ರಾತ್ರಿ ಊಟ ಆದಮೇಲೆ ಮಾಡೋ ಕೆಲಸವೇ ಅದು. ನಾನು ಆರಿಸಿ ಬಿಟ್ಟಿದ್ದು ಇನ್ನೊಬ್ಬರಿಗೆ ಹೋಗುತ್ತೆ. ಅವರು ಆರಿಸಿ ಬಿಟ್ಟಿದ್ದು ನಿಮಗೆ ಬರುತ್ತೆ" ಅಂದರು. ಅಂದಿನಿಂದ ಲಾಟಿನಲ್ಲಿ ಕಣ್ಣಿಗೆ ಕಾಣುವ ನಾಣ್ಯಗಳಿಗೆ ಮಾತ್ರ ಬೆಲೆ ಕಟ್ಟುತ್ತೇನೆ, ಕಾಣದ್ದಕ್ಕೆ ಸೊನ್ನೆ. ಆ ಲೆಕ್ಕ ಗಿಟ್ಟಿದರೆ ಈಗಲೂ ಕೊಳ್ಳುತ್ತೇನೆ. ಚಟ ಪೂರ್ತಿ ಬಿಟ್ಟಿಲ್ಲ.

3. ಬಹುಮಾನಕ್ಕೆ ಕ್ಯೂ ಇದ್ದರೆ, ಮುಂದಿರುವವರನ್ನಲ್ಲ, ಹಿಂದೆ ಬೇಕಾದವರನ್ನು ಎಣಿಸಿ

ಹೇಳಲು ಅತಿ ನಾಚಿಕೆಯಾಗುವುದು ಈ ಅಧ್ಯಾಯ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲಿ 'ಮ್ಯಾಟ್ರಿಕ್ಸ್' ಎಂಬ ಯೋಜನೆಗಳು ಹುಟ್ಟಿಕೊಂಡವು. ಯಾವುದೋ ಇ-ಪುಸ್ತಕ ಅಥವಾ ಸಿ.ಡಿ. ಕೊಂಡರೆ ನಿಮ್ಮ ಹೆಸರು ಒಂದು ಪಟ್ಟಿಗೆ ಸೇರುತ್ತದೆ. ನಿಮ್ಮ ನಂತರ ಇಷ್ಟು ಜನ ಸೇರಿದಾಗ ಪಟ್ಟಿಯ ತುದಿಯಲ್ಲಿದ್ದವರಿಗೆ ಮೊಬೈಲೋ ಆಟದ ಯಂತ್ರವೋ 'ಉಚಿತ'. ಹರಾಜು ತಾಣಗಳಲ್ಲಿ ಆ ಇ-ಪುಸ್ತಕಗಳು ಪುಡಿಗಾಸಿಗೆ ಬಿಕರಿಯಾಗುತ್ತಿದ್ದವು. ನಾನು ಕೊಂಡದ್ದು ಅದೇ ಜಾತಿಯದು. ಪುಸ್ತಕದ ವಿಷಯ ಹಳೇ ನಾಣ್ಯಗಳನ್ನು ತೊಳೆದು ಹೊಳೆಯಿಸುವುದು. (ದಯವಿಟ್ಟು ತೊಳೆಯಬೇಡಿ. ತೊಳೆದ ನಾಣ್ಯವನ್ನು ಯಾವ ಸಂಗ್ರಾಹಕನೂ ಒಳ್ಳೇ ಬೆಲೆಗೆ ಮುಟ್ಟುವುದಿಲ್ಲ.)

ಆಗ ಕಾಗದ ಪೆನ್ನು ತೆಗೆದುಕೊಂಡು ಕೂತಿದ್ದರೆ ಸಾಕಿತ್ತು. ಒಂದು ಬಹುಮಾನಕ್ಕೆ 50 ಜನ ಬೇಕು ಅಂದುಕೊಳ್ಳಿ. ಮೊದಲಿನವನಿಗೆ 50 ಜನ, ಎರಡನೆಯವನಿಗೆ 100, ನೂರನೆಯವನಿಗೆ 5,000. ಆ ನೂರನೆಯವನ ಕೈಗೆ ಮೊಬೈಲ್ ಬಂದ ದಿನ ಹಿಂದೆ 4,900 ಜನ ದುಡ್ಡು ಕೊಟ್ಟು ಕಾಯುತ್ತಿರುತ್ತಾರೆ. ಯೋಜನೆ ಇವತ್ತು ನಿಂತರೂ ಹತ್ತು ವರ್ಷ ಬಿಟ್ಟು ನಿಂತರೂ ಐವತ್ತರಲ್ಲಿ ನಲವತ್ತೊಂಬತ್ತು ಮಂದಿಗೆ ನಾಮ. ನಡೆಸುವವನು ಪ್ರಾಮಾಣಿಕನಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಬ್ರಿಟನ್ನಿನ ನ್ಯಾಯೋಚಿತ ವ್ಯಾಪಾರ ಕಚೇರಿ 2005ರಲ್ಲಿ ಇಂಥ ಯೋಜನೆಗಳನ್ನು ಕಾನೂನುಬಾಹಿರ ಲಾಟರಿ ಎಂದೇ ಪರಿಗಣಿಸಿತು.

ನಾನು ಕಾಗದ ಪೆನ್ನು ಹಿಡಿಯುವ ಬದಲು ಹೆಂಡತಿಯ ತಮ್ಮನನ್ನು ಹಿಡಿದೆ. ಅವನೂ ಪುಸ್ತಕ ಕೊಂಡ. ಹಬ್ಬಕ್ಕೆ ಮನೆಗೆ ಬಂದಾಗಲೆಲ್ಲ "ಭಾವ, ಫೋನ್ ಬಂತಾ?" ಎಂದು ಎಲ್ಲರೆದುರು ಕೇಳುತ್ತಾನೆ. ದುಡ್ಡು ಹಿಂತಿರುಗಿಸುತ್ತೇನೆ ಅಂದರೂ ತೆಗೆದುಕೊಳ್ಳಲಿಲ್ಲ. ಈ ಪ್ರಶ್ನೆಯ ಹಕ್ಕು ಅವನಿಗೆ ಆ ದುಡ್ಡಿಗಿಂತ ದೊಡ್ಡದು.

4. ನೂರಕ್ಕೆ ತೊಂಬತ್ತೊಂಬತ್ತು ರೇಟಿಂಗ್ ನೋಡಿ ಮರುಳಾಗಬೇಡಿ

ಲಕೋಟೆ ಮಾರಿದವನಿಗೂ ಪುಸ್ತಕ ಮಾರಿದವನಿಗೂ ಬಂಗಾರದಂಥ ರೇಟಿಂಗ್ ಇತ್ತು. ಇರದೇ ಏನು? ಹೇಳಿದ್ದನ್ನು ಹೇಳಿದಂತೆಯೇ ಕಳಿಸುತ್ತಿದ್ದರು. ಪುಡಿಗಾಸಿನ ಇ-ಪುಸ್ತಕ ಮಾರುತ್ತಾ ಕೊಂಡವರೂ ಮಾರಿದವರೂ ಪರಸ್ಪರ ಹೊಗಳಿಕೊಂಡು ಅಂಕ ಬೆಳೆಸುವ ಉಪಾಯವೂ ಚಾಲ್ತಿಯಲ್ಲಿತ್ತು. ಇಬೇ 2008ರಲ್ಲಿ ಡೌನ್‌ಲೋಡ್ ಸರಕನ್ನು ಹರಾಜಿನಿಂದಲೇ ಹೊರಗಿಟ್ಟದ್ದರ ಹಿಂದೆ ಇದೂ ಒಂದು ಕಾರಣ. ಅದೇ ವರ್ಷದವರೆಗೆ ಅಲ್ಲಿ ಮಾರಾಟಗಾರರೂ ಕೊಂಡವರಿಗೆ ಕೆಟ್ಟ ರೇಟಿಂಗ್ ಕೊಡಬಹುದಿತ್ತು. ತಿರುಗೇಟಿಗೆ ಹೆದರಿ ನನ್ನಂಥವರು ಎರಡು ಪೈಸೆ ಕೈಗೆ ಬಂದರೂ 'ಅತ್ಯುತ್ತಮ ಸೇವೆ' ಎಂದು ಬರೆದಿದ್ದುಂಟು. ನನ್ನ ಆ ಹೊಗಳಿಕೆ ಓದಿ ಎಷ್ಟು ಜನ ಲಕೋಟೆ ಕೊಂಡರೋ.

5. ಬಾಯಿ ತೆರೆಯಲು ದುಡ್ಡು ಕೇಳಿದರೆ ಅದು ಹರಾಜಲ್ಲ

ನಮ್ಮೂರ ಜಾತ್ರೆಯಲ್ಲಿ ದೇವರ ಬಾಳೆಗೊನೆ ಹರಾಜು ಹಾಕುವಾಗ ಕೂಗಿದವರೆಲ್ಲ ಪ್ರತಿ ಕೂಗಿಗೂ ಹತ್ತು ರೂಪಾಯಿ ಎಣಿಸಬೇಕು, ಗೊನೆ ಮಾತ್ರ ಕೊನೆಗೆ ಕೂಗಿದವನಿಗೆ ಎಂದು ನಿಯಮ ಮಾಡಿದರೆ ಊರವರು ಸುಮ್ಮನಿರುತ್ತಾರೆಯೇ? 'ಪೆನ್ನಿ ಆಕ್ಷನ್' ಎಂಬುದು ಇದೇ. ಜರ್ಮನಿಯಲ್ಲಿ 2005ರಲ್ಲಿ ಟೆಲಿಬಿಡ್ ಎಂದು ಶುರುವಾಗಿ 2008ರಲ್ಲಿ ಸ್ವೂಪೊ ಎಂದು ಹೆಸರು ಬದಲಿಸಿಕೊಂಡ ಕಂಪನಿ ಇದನ್ನು ಜಗತ್ತಿಗೆ ಪರಿಚಯಿಸಿತು. ಅದು 2011ರಲ್ಲಿ ದಿವಾಳಿಯೆದ್ದಿತು. ಅಷ್ಟರಲ್ಲಿ ಅನುಕರಿಸಿದವರು ಎಲ್ಲ ಕಡೆ ಹುಟ್ಟಿಕೊಂಡಿದ್ದರು. ನಾನು ಒಂದು ಮೊಬೈಲಿನ ಆಸೆಗೆ ಸಿಕ್ಕಿಬಿದ್ದದ್ದು ಅಂಥ ಒಂದು ತಾಣದಲ್ಲಿ.

ಮೊದಲು ಬಿಡ್‌ಗಳನ್ನು ಕಟ್ಟುಕಟ್ಟಾಗಿ ಕೊಂಡಿಟ್ಟುಕೊಳ್ಳಬೇಕು. ಒಂದು ಬಿಡ್ ಹಾಕಿದರೆ ವಸ್ತುವಿನ ಬೆಲೆ ಚೂರೇ ಚೂರು ಏರುತ್ತದೆ, ಗಡಿಯಾರ ಕೆಲವು ಸೆಕೆಂಡು ಹಿಂದಕ್ಕೆ ಹೋಗುತ್ತದೆ. 'ಲ್ಯಾಪ್‌ಟಾಪ್ ಬರೀ 50 ಡಾಲರಿಗೆ ಹೋಯಿತು' ಎಂಬ ಜಾಹೀರಾತು ನಿಜವೇ ಇರಬಹುದು. ಒಂದು ಬಿಡ್‌ಗೆ 60 ಸೆಂಟ್, ಬೆಲೆ ಏರುವುದು 1 ಸೆಂಟ್ ಎಂದಿಟ್ಟುಕೊಂಡರೆ 50 ಡಾಲರ್ ಮುಟ್ಟಲು 5,000 ಬಿಡ್ ಬಿದ್ದಿರಬೇಕು. ಅಂದರೆ ತಾಣಕ್ಕೆ ಬಿಡ್‌ಗಳಿಂದಲೇ 3,000 ಡಾಲರ್. ಗೆದ್ದವನ ನಗುಮುಖದ ಫೋಟೋದ ಹಿಂದೆ ಈ ಮೊತ್ತ ಕಟ್ಟಿದ ಸೋತವರಿದ್ದಾರೆ, ಅವರ ಫೋಟೋ ಯಾರೂ ಹಾಕುವುದಿಲ್ಲ.

ನನ್ನನ್ನು ಹಿಡಿದಿಟ್ಟದ್ದು ಆಸೆಗಿಂತ ಹೆಚ್ಚಾಗಿ ಆಗಲೇ ಹಾಕಿದ ದುಡ್ಡು. ಈಗ ಬಿಟ್ಟರೆ ಅಷ್ಟೂ ಹೋಯಿತು, ಇನ್ನೊಂದು ಹಾಕಿದರೆ ಉಳಿಯಬಹುದು ಎಂದು ರಾತ್ರಿ ಊಟಕ್ಕೆ ಕರೆದರೂ ಏಳದೆ ಕೂತಿದ್ದೆ. ಮಾರ್ಟಿನ್ ಶುಬಿಕ್ ಎಂಬ ಅರ್ಥಶಾಸ್ತ್ರಜ್ಞ 1971ರಲ್ಲೇ ಒಂದು ಡಾಲರ್ ನೋಟಿನ ಹರಾಜಿನ ಆಟವನ್ನು ವಿವರಿಸಿದ್ದ. ನೋಟು ಗೆದ್ದವನಿಗೆ, ಆದರೆ ಎರಡನೆಯವನೂ ತಾನು ಕೂಗಿದ್ದನ್ನು ಕಟ್ಟಬೇಕು. ಜನ ಒಂದು ಡಾಲರ್ ನೋಟಿಗೆ ಒಂದು ಡಾಲರಿಗಿಂತ ಹೆಚ್ಚು ಕೂಗಿಬಿಡುತ್ತಾರೆ. ಅಲ್ಲಿ ಕಟ್ಟುವವರು ಇಬ್ಬರೇ, ನಾನಿದ್ದಲ್ಲಿ ಎಲ್ಲರೂ. ಆ ಮೊಬೈಲ್ ನನಗೆ ಸಿಗಲಿಲ್ಲ. ಬಿಡ್‌ಗಳಿಗೆ ಸುರಿದ ದುಡ್ಡಿನಲ್ಲಿ ಅದನ್ನು ಅಂಗಡಿಯಲ್ಲೇ ಕೊಳ್ಳಬಹುದಿತ್ತು ಎಂದು ಮಗಳು ಲೆಕ್ಕ ಹಾಕಿ ತೋರಿಸಿದಳು.

6. 'ಜಾಣ್ಮೆಯ ಆಟ' ಎಂದು ಅವರೇ ಹೇಳಿಕೊಂಡರೆ ಅನುಮಾನಪಡಿ

ಬೇರೆ ಯಾರೂ ಕೂಗಿರದ ಬೆಲೆಗಳಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ಕೂಗಿದವನಿಗೆ ಕಾರು. ಎಸ್ಸೆಮ್ಮೆಸ್ ಕಾಲದಲ್ಲಿ ಇದು ಜೋರಾಗಿತ್ತು. ಬೇರೆಯವರು ಏನು ಕೂಗಿದ್ದಾರೆಂದು ಕಾಣದಿದ್ದಾಗ ಯಾವ ಜಾಣ್ಮೆ? ಪ್ರತಿ ಊಹೆಗೂ ಶುಲ್ಕ ಮಾತ್ರ ಖಾತ್ರಿ.

7. ಮಾರುವವನಾದಾಗ ನಾನೂ ಅದನ್ನೇ ಮಾಡಿದೆ

ಒಂದು ಸಲ ಸಾದಾ ಅಂಚೆಚೀಟಿಗಳ ಪೊಟ್ಟಣ ಯಾರಿಗೂ ಬೇಡವಾಗಿ ಉಳಿದಿತ್ತು. ಪ್ರತಿ ಪೊಟ್ಟಣದ ಜೊತೆ ಒಂದು ಕೂಪನ್, ಕೊನೆಗೆ ಚೀಟಿ ಎತ್ತಿ ಒಬ್ಬರಿಗೆ ಬೆಳ್ಳಿ ನಾಣ್ಯ ಎಂದು ಹಾಕಿದೆ. ಪೊಟ್ಟಣ ಬಿಸಿ ಬೋಂಡದಂತೆ ಹೋಯಿತು! ಬೆಲೆಯನ್ನೂ ಏರಿಸಿದೆ. ಸ್ವಲ್ಪ ದಿನದಲ್ಲಿ ತಾಣದವರು ಅದನ್ನು ತೆಗೆದುಹಾಕಿ ಎಚ್ಚರಿಕೆ ಕಳಿಸಿದರು. 'ಕೂಪನ್ ಉಚಿತ, ಮಾರುತ್ತಿರುವುದು ಅಂಚೆಚೀಟಿ' ಎಂದು ಉದ್ದದ ಉತ್ತರ ಬರೆದೆ. ಪರಿಚಯದ ವಕೀಲರೊಬ್ಬರು ಓದಿ ನಕ್ಕರು. ಬಹುಮಾನ, ಅದೃಷ್ಟ, ಅದಕ್ಕೆ ಕೊಟ್ಟ ಹಣ, ಈ ಮೂರು ಕೂಡಿದರೆ ಅದು ಲಾಟರಿ, ನೀವು ಕೂಪನ್ ಅಂದರೂ ಅಷ್ಟೆ ಅಂದರು. 1998ರ ಲಾಟರಿ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಲಾಟರಿ ನಡೆಸುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ಮಾತ್ರ. ಮಾರಾಟ ಹೆಚ್ಚಿಸಲು ಲಾಟರಿ ಇಡುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸುತ್ತದೆ, ಫಲಿತಾಂಶ ಮುಚ್ಚಿಡುವುದನ್ನೂ. ಕೊಂಡವರಿಗೆಲ್ಲ ದುಡ್ಡು ವಾಪಸು ಕಳಿಸಿದೆ. ಇಬ್ಬರು ಮಾತ್ರ 'ದುಡ್ಡು ಬೇಡ, ಚೀಟಿ ಎತ್ತಿ' ಎಂದು ಹಟ ಹಿಡಿದರು. ಅವರಲ್ಲಿ ನನ್ನನ್ನೇ ಕಂಡೆ.

ಆಮೇಲಿಂದ ಯಾವುದೇ ಕೊಡುಗೆ ಕಂಡರೂ ಬಹುಮಾನದ ಸಾಲನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದುತ್ತೇನೆ. ಬರೀ ಪೊಟ್ಟಣಕ್ಕೆ, ಬರೀ ಪುಸ್ತಕಕ್ಕೆ ಆ ಬೆಲೆ ಕೊಡುತ್ತಿದ್ದೆನೇ?

8. ಗೆದ್ದಿದ್ದೀರಿ ಎಂದವರು ದುಡ್ಡು ಕೇಳಿದಾಗ

ಬಹುಮಾನ ಗೆದ್ದಿದ್ದೀರಿ, ಮೊದಲು ತೆರಿಗೆಯ ದುಡ್ಡು ಕಳಿಸಿ ಎನ್ನುವವರು ವಂಚಕರು. ಆದರೆ ಇದರಲ್ಲೊಂದು ಸೂಕ್ಷ್ಮವಿದೆ. ಗೆದ್ದವರು ತೆರಿಗೆ ಕಟ್ಟಬೇಕೆಂಬುದು ಪೂರ್ತಿ ಸುಳ್ಳಲ್ಲ. ಲಾಟರಿ ಗೆಲುವಿನ ಮೇಲೆ ಶೇಕಡಾ 30 ತೆರಿಗೆ ಇದೆ. ನಗದಾದರೆ ಕೊಡುವವರೇ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಕಾರಿನಂಥ ವಸ್ತುವಾದರೆ ತೆರಿಗೆ ಸಂದಾಯವಾದ ಮೇಲೆಯೇ ವಸ್ತು ಬಿಡಬೇಕು. ವಂಚಕರು ಈ ಅರೆಸತ್ಯವನ್ನೇ ಬಳಸುತ್ತಾರೆ. ಆದರೆ ಆ ತೆರಿಗೆ ಹೋಗುವುದು ಸರ್ಕಾರಕ್ಕೆ, ಯಾರದೋ ಮೊಬೈಲ್ ಸಂಖ್ಯೆಯ ಯುಪಿಐಗಲ್ಲ. ನಮ್ಮ ನಾಣ್ಯದ ಲೋಕದಲ್ಲಿ ಇದರ ತಮ್ಮನೊಬ್ಬನಿದ್ದಾನೆ: ನಿಮ್ಮ ಹಳೇ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಎನ್ನುವವನು. ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿ ಶುಲ್ಕ ಕೇಳುತ್ತಿದ್ದಾರೆಂದು ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತ್ತು.

ದುಡ್ಡು ಕಳಿಸಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ಬೇರೆ ಖಾತೆಗೆ ದಾಟುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು. ಬರೀ ಸರಕಿನ ತಕರಾರಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಎರಡಕ್ಕೂ ಸಾಕ್ಷಿಯಾಗಿ ಹರಾಜಿನ ಪುಟ, ಮಾರಾಟಗಾರನ ಹೆಸರು, ನಿಯಮಗಳ ಸಾಲು, ಹಣ ಕಳಿಸಿದ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾನು ದೂರು ಕೊಡಲು ಹೋದಾಗ ಲಕೋಟೆಯ ಪುಟವೂ ಇರಲಿಲ್ಲ, ಮಾರಿದವನ ಖಾತೆಯೂ ಇರಲಿಲ್ಲ. ಸಾಕ್ಷಿಗೆ ಉಳಿದದ್ದು 'ಅತ್ಯುತ್ತಮ ಸೇವೆ' ಎಂದು ನಾನೇ ಬರೆದದ್ದಕ್ಕೆ ಬಂದ ಧನ್ಯವಾದದ ಇಮೇಲ್ ಒಂದೇ.